ಮಾವಿನ ಫ್ಯಾಕ್ಟರಿಯ ನಾಲ್ಕು ಪರದೆಗಳು

ಕಂಪ್ಯೂಟರ್ ಕೆಟ್ಟುಹೋದರೆ ಬೆಂಗಳೂರಿಗೆ ಒಂದು ಫೋನ್ ಮಾಡಿದರೆ ಸಾಕು, ಇಂಜಿನಿಯರ್ ಬರುತ್ತಿದ್ದರು. ಅದು ಚೆನ್ನಾಗಿ ಕೆಲಸ ಮಾಡುತ್ತಿರುವಾಗ ಆಗುವ ಅವಾಂತರಗಳಿಗೆ ಯಾರನ್ನು ಕರೆಯಬೇಕು ಅನ್ನೋದು ಮಾತ್ರ ನಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಾವು ವರ್ಷಕ್ಕೊಂದು ಸಲ ಬರುತ್ತಿತ್ತು. ಅವಾಂತರಕ್ಕೆ ಹಾಗೆ ಸೀಸನ್ ಅಂತ ಏನೂ ಇರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಸುಗಟೂರಿನವನು. ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿ, ಬೆಂಗಳೂರಲ್ಲಿ ಕೆಲವು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದಿದ್ದೆ. ಶ್ರೀನಿವಾಸಪುರದ ಹೊರಗೆ, ಮಾವಿನ ಹಣ್ಣಿನ ತಿರುಳು ತೆಗೆದು ಡಬ್ಬಿಗೆ ತುಂಬುವ ಫ್ಯಾಕ್ಟರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಒಂದು ತಣ್ಣನೆಯ ರೂಮಿನಲ್ಲಿ ಬೀರುವಿನಂಥ ಒಂದೇ ಕಂಪ್ಯೂಟರ್. ಅದರಿಂದ ವೈರು ಎಳೆದು ನಾಲ್ಕು ಕಡೆ ಪರದೆ ಇಟ್ಟಿದ್ದರು. ಗೇಟಿನ ಹತ್ತಿರ ಲಾರಿ ತೂಗುವ ಕಡೆ ಒಂದು, ಖಾಲಿ ಡಬ್ಬಿ ಇಡುವ ಸ್ಟೋರಿನಲ್ಲಿ ಒಂದು, ಮಾಲು ಕಳಿಸುವ ಡಿಸ್ಪ್ಯಾಚಿನಲ್ಲಿ ಒಂದು, ಮ್ಯಾನೇಜರ ಟೇಬಲ್ ಮೇಲೆ ಒಂದು. ನಾಲ್ವರೂ ಒಂದೇ ಲೆಕ್ಕವನ್ನು ನಾಲ್ಕು ಕಡೆಯಿಂದ ಬರೆಯಬೇಕು, ಓದಬೇಕು. ಅವರ ನಡುವೆ ತಕರಾರು ಬಾರದ ಹಾಗೆ ನಾನು ನೋಡಿಕೊಳ್ಳಬೇಕು. ಕೆಲಸ ಸೇರುವ ದಿನ ಇದು ಸುಲಭ ಅನ್ನಿಸಿತ್ತು.

ಬಾವಿಕಟ್ಟೆ

ಮೊದಲ ದಿನ ಬೆಂಗಳೂರಿನ ಇಂಜಿನಿಯರ್ ಎಲ್ಲರನ್ನೂ ಕೂರಿಸಿಕೊಂಡು ಪಾಠ ಮಾಡಿದರು. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ತಣ್ಣಗೆ. ಪಾಠಕ್ಕೆ ಸಂಬಂಧವೇ ಇಲ್ಲದವರೂ ಬಂದು ಕೂತಿದ್ದರು. ಹಣ್ಣು ತೊಳೆಯುವ ಹೆಂಗಸರು ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಬಹಳ ಗಮನ ಕೊಟ್ಟು ಕೇಳುತ್ತಿದ್ದರು.

"ನೋಡಿ, ನಿಮ್ಮ ಒಂದೊಂದು ಪರದೆಗೂ ಒಳಗಡೆ ಒಂದೊಂದು ಪ್ರೋಗ್ರಾಂ ಓಡ್ತಿರುತ್ತೆ," ಅಂದರು ಇಂಜಿನಿಯರ್. "ಅವು ಒಂದರ ಮುಖ ಒಂದು ನೋಡಿರಲ್ಲ. ಆದರೆ ಎಲ್ಲಕ್ಕೂ ಸೇರಿದ್ದು ಅಂತ ಒಂದು ಜಾಗ ಇದೆ. ಒಬ್ಬರು ಅಲ್ಲಿ ವಿಷಯ ಹಾಕಿದ್ರೆ ಮಿಕ್ಕ ಮೂವರಿಗೂ ತಕ್ಷಣ ಗೊತ್ತಾಗಿಬಿಡುತ್ತೆ."

ಸ್ಟೋರ್ ಕೀಪರು ಮುಳಬಾಗಿಲಿನವರು. ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವರ ಮುಖ ಅರಳಿತು. "ಅರ್ಥ ಆಯ್ತು ಸಾರ್. ನಮ್ಮೂರ ಬಾವಿಕಟ್ಟೆ ಇದ್ದಂಗೆ. ಬೆಳಗ್ಗೆ ಒಬ್ಬಳು ಒಂದು ಮಾತು ಹಾಕಿದ್ರೆ ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತು."

ಇಂಜಿನಿಯರಿಗೂ ಹೋಲಿಕೆ ಹಿಡಿಸಿತು. "ಕರೆಕ್ಟ್! ಆದರೆ ಇಲ್ಲಿ ಶಿಸ್ತಿದೆ. ಒಬ್ಬರು ಬರೀತಿರೋವಾಗ ಇನ್ನೊಬ್ಬರು ಸುಮ್ಮನೆ ಕಾಯ್ತಾರೆ. ಮಧ್ಯೆ ಬಾಯಿ ಹಾಕಲ್ಲ. ಇದ್ದದ್ದನ್ನ ಇದ್ದ ಹಾಗೇ ಓದ್ತಾರೆ, ತಮ್ಮದೇನೂ ಸೇರಿಸಲ್ಲ."

ಹಿಂದಿನ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದ ಹೆಂಗಸೊಬ್ಬಳು ಕಣ್ಣು ಬಿಟ್ಟಳು.

"ಅಂಗಾದ್ರೆ ಅದು ಬಾವಿಕಟ್ಟೆ ಅಲ್ಲ ಬುಡಿ," ಅಂದು ಮತ್ತೆ ಕಣ್ಣು ಮುಚ್ಚಿಕೊಂಡಳು.

ಬೀಗ

ಇಂಜಿನಿಯರ್ ಹೇಳಿದ ಆ ಶಿಸ್ತಿಗೆ ಒಂದು ಹೆಸರಿತ್ತು: ಲಾಕ್. ಗೇಟಿನ ಗುಮಾಸ್ತ ಒಂದು ಲೆಕ್ಕವನ್ನು ತಿದ್ದಲು ತೆರೆದರೆ, ಅವನು ಮುಗಿಸುವವರೆಗೂ ಬೇರೆಯವರು ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಪರದೆ ಮೇಲೆ ಇಂಗ್ಲಿಷಿನಲ್ಲಿ, ಇದು ಲಾಕ್ ಆಗಿದೆ ಅಂತ ಬರುತ್ತಿತ್ತು.

ಗೇಟಿನ ಗುಮಾಸ್ತ ಮಾಲೂರಿನ ಹುಡುಗು ಸ್ವಭಾವದ ಆಳು. ಮದುವೆಯಾಗಿರಲಿಲ್ಲ, ಯೋಚನೆ ಅನ್ನೋದು ಇರಲಿಲ್ಲ. ಒಂದು ದಿನ ತೋತಾಪುರಿ ಲೆಕ್ಕವನ್ನು ಅರ್ಧಕ್ಕೆ ತೆರೆದಿಟ್ಟು ಪೇಟೆಗೆ ದೋಸೆ ತಿನ್ನಲು ಹೋಗಿಬಿಟ್ಟ. ಸ್ಟೋರ್ ಕೀಪರು ಅದೇ ಲೆಕ್ಕ ತೆಗೆಯಲು ಹೋದರೆ, ಲಾಕ್. ಇನ್ನೊಂದು ಸಲ ನೋಡಿದರೂ ಲಾಕ್. ನಾನು ಊಟಕ್ಕೆ ರೂಮಿಗೆ ಹೋಗಿದ್ದೆ. ಅವರು ಎದ್ದು ಹೋಗಿ ವಾಚ್‌ಮನ್ನನ್ನು ಹಿಡಿದರು.

ವಾಚ್‌ಮನ್ ಯಲ್ದೂರಿನವನು. ಫ್ಯಾಕ್ಟರಿ ಕಟ್ಟಿದಾಗಿನಿಂದ ಬೀಗದ ಕೈ ಗೊಂಚಲು ಅವನ ಸೊಂಟದಲ್ಲೇ ಇತ್ತು. ತನಗೆ ಗೊತ್ತಿಲ್ಲದೆ ಆ ಆವರಣದಲ್ಲಿ ಒಂದು ಚಿಲಕವೂ ಬೀಳಲ್ಲ ಅನ್ನೋದು ಅವನ ಹೆಮ್ಮೆ.

"ಏನಪ್ಪಾ, ತೋತಾಪುರಿಗೆ ಬೀಗ ಹಾಕಿದೀಯಾ?"

"ನಾನ್ಯಾಕ್ ಹಾಕ್ಲಿ ಸಾರ್? ಹಗಲೊತ್ತು!"

"ಟೀವೀಲಿ ಬಂದದೆ ಕಣಯ್ಯಾ, ಲಾಕ್ ಅಂತ. ಯಾರು ಹಾಕಿದ್ರು ಮತ್ತೆ?"

ವಾಚ್‌ಮನ್‌ಗೆ ಅವಮಾನವಾಯಿತು. ಅವನು ಮೊದಲು ಹಣ್ಣಿನ ಗೋಡೌನ್ ತೆರೆದ. ಆಮೇಲೆ ಡಬ್ಬಿ ಗೋಡೌನ್. ಆಮೇಲೆ ಸಕ್ಕರೆ ರೂಮು, ಹಳೇ ಕಾಗದದ ರೂಮು, ಬಾಯ್ಲರ್ ಮನೆ, ಮ್ಯಾನೇಜರ ಬಾತ್‌ರೂಮು. ಊಟ ಮುಗಿಸಿ ಬಂದ ಮ್ಯಾನೇಜರು ನೋಡುತ್ತಾರೆ, ಇಡೀ ಫ್ಯಾಕ್ಟರಿ ಬಾಗಿಲು ತೆರೆದುಕೊಂಡು ನಿಂತಿದೆ, ಸಕ್ಕರೆ ರೂಮಿನಿಂದ ಎರಡು ಕೋತಿ ಹೊರಗೆ ಬರುತ್ತಿವೆ.

"ಏನಯ್ಯಾ ಇದು?"

"ಎಲ್ಲಾ ಬೀಗಾನೂ ತೆಗ್ದಿವ್ನಿ ಸಾರ್," ಅಂದ ವಾಚ್‌ಮನ್, ಬೆವರು ಒರೆಸಿಕೊಳ್ಳುತ್ತಾ. "ಈಗ ಟೀವೀಲಿ ಏನಂತದೆ ನೋಡಿ."

ಅಷ್ಟು ಹೊತ್ತಿಗೆ ಗುಮಾಸ್ತ ದೋಸೆ ಮುಗಿಸಿ ಬಂದು, ತೆರೆದಿಟ್ಟ ಲೆಕ್ಕ ಮುಚ್ಚಿದ್ದ. ಮ್ಯಾನೇಜರು ಹೋಗಿ ಪರದೆ ನೋಡಿದರು. ಲಾಕ್ ಇರಲಿಲ್ಲ. ಆಮೇಲೆ ನಾನು ಎಷ್ಟು ವಿವರಿಸಿದರೂ ಯಾರೂ ನಂಬಲಿಲ್ಲ. ಲಾಕ್ ಅಂತ ಬಂದಾಗಲೆಲ್ಲ ಸ್ಟೋರ್ ಕೀಪರು ನನ್ನನ್ನು ದಾಟಿಕೊಂಡು ವಾಚ್‌ಮನ್ ಹತ್ತಿರವೇ ಹೋಗುತ್ತಿದ್ದರು. ಅವನು ಬಾಯ್ಲರ್ ಮನೆ ಬೀಗ ಒಂದು ಸಲ ತೆಗೆದು ಮತ್ತೆ ಹಾಕುತ್ತಿದ್ದ. ಹಾಳಾದ್ದು, ಸಾಮಾನ್ಯವಾಗಿ ಅಷ್ಟರಲ್ಲಿ ಸರಿಹೋಗಿಯೂ ಬಿಡುತ್ತಿತ್ತು.

ಹುಡುಗ ಮಾಡೋ ಕೆಲಸ

ಸ್ಟೋರ್ ಕೀಪರಿಗೆ ನನ್ನ ಕೆಲಸದ ಮೇಲೆ ನಂಬಿಕೆ ಇರಲಿಲ್ಲವಾದರೂ ನನ್ನ ಮೇಲೆ ಪ್ರೀತಿಯಿತ್ತು. ಮುಳಬಾಗಿಲಿನಲ್ಲಿ ತಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಹುಡುಗಿ ಇದ್ದಾಳೆ, ನೋಡೋಣ ಬಾ ಅಂತ ಕರೆದುಕೊಂಡು ಹೋದರು. ನಮ್ಮಪ್ಪ, ಅಮ್ಮ ಸುಗಟೂರಿನಿಂದ ಬಂದಿದ್ದರು. ಹುಡುಗಿಯ ತಂದೆ ಹಿಪ್ಪುನೇರಳೆ ಬೆಳೆದು ಹುಳ ಸಾಕುವವರು, ನೇರ ಮನುಷ್ಯ. ಅವರ ಪಕ್ಕದಲ್ಲಿ ಅವರ ಅಕ್ಕ, ಅಂದರೆ ಹುಡುಗಿಯ ಸೋದರತ್ತೆ, ಎಲೆ ಅಡಿಕೆ ಹಾಕಿಕೊಂಡು ನನ್ನನ್ನು ತೂಗಿ ನೋಡುತ್ತಾ ಕೂತಿದ್ದರು.

"ಏಮಿ ಉದ್ಯೋಗಂ ಬಾಬು? ಏನ್ ಕೆಲಸ ನಿಂದು?" ಅಂತ ಕೇಳಿದರು ತಂದೆ.

"ಕಂಪ್ಯೂಟರ್ ನೋಡ್ಕೊಳ್ತೀನಿ ಸಾರ್."

"ನೋಡ್ಕೊಳ್ಳೋದು ಸರಿ. ಮಾಡೋದೇನು?"

ದೊಡ್ಡ ದೊಡ್ಡ ಪದ ಬಳಸಿದರೆ ಜಂಬ ಅಂದುಕೊಳ್ಳುತ್ತಾರೆ ಅಂತ ನಾನು ಸರಳವಾಗಿ ಹೇಳಲು ಹೊರಟೆ. "ಒಬ್ಬರ ವಿಷಯ ಇನ್ನೊಬ್ಬರಿಗೆ ತಕ್ಷಣ ಗೊತ್ತಾಗೋ ಹಾಗೆ ಮಾಡ್ತೀನಿ."

"ಅವರವರೇ ಮಾತಾಡ್ಕೊಳ್ಳಲ್ವಾ?"

"ಇಲ್ಲ ಸಾರ್, ಅವು ಒಂದಕ್ಕೊಂದು ಮಾತಾಡಲ್ಲ. ಮಧ್ಯದಲ್ಲಿ ನಾವಿರ್ತೀವಿ."

ತಂದೆ ಸ್ಟೋರ್ ಕೀಪರ ಮುಖ ನೋಡಿದರು. ಸ್ಟೋರ್ ಕೀಪರು ಸೂರು ನೋಡಿದರು.

"ಅಂದ್ರೆ ಇಲ್ಲಿದ್ದು ಅಲ್ಲಿಗೆ, ಅಲ್ಲಿದ್ದು ಇಲ್ಲಿಗೆ ಹೇಳೋದು."

"ಹೂಂ, ಒಂದು ಥರ ಹಾಗೇ."

"ಇದಕ್ಕೆ ಸಂಬಳ ಕೊಡ್ತಾರಾ?" ಅಂದರು ಅವರು, ನಿಜವಾಗಿಯೂ ಆಶ್ಚರ್ಯಪಟ್ಟು. "ನಮ್ಮಕ್ಕ ಇಷ್ಟು ವರ್ಷದಿಂದ ಬಿಟ್ಟಿ ಮಾಡ್ತಾವ್ಳಲ್ಲಪ್ಪಾ!"

ಅಕ್ಕ ಎಲೆ ಅಡಿಕೆ ಉಗುಳಲೂ ಆಗದೆ ನುಂಗಲೂ ಆಗದೆ ಎದ್ದು ನಿಂತರು. ನಮ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸಂಬಂಧ ಮುರಿದುಬಿತ್ತು ಅಂದುಕೊಂಡು ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಅಂತ ಯೋಚಿಸುತ್ತಿದ್ದೆ. ಆಗ ಬಾಗಿಲ ಹಿಂದೆ ಯಾರೋ ತಡೆಯಲಾರದೆ ಪಕಪಕ ನಕ್ಕರು, ಜೊತೆಗೆ ಕಾಫಿ ಲೋಟ ಉರುಳಿದ ಸದ್ದು. ಹುಡುಗಿಯೇ ಇರಬೇಕು. ಮುಖ ನೋಡುವ ಮುಂಚೆಯೇ ನಾನು ಒಪ್ಪಿದ್ದೆ.

ಮದುವೆಯಾಗಿ ಇಷ್ಟು ವರ್ಷವಾಯಿತು. ಗಂಡ ಏನು ಮಾಡುತ್ತಿದ್ದರು ಅಂತ ಯಾರಾದರೂ ಕೇಳಿದರೆ ಅವಳು ಈಗಲೂ ಹೇಳುವುದು ಒಂದೇ ಮಾತು: "ನಮ್ಮ ಸೋದರತ್ತೆಯ ಡಿಪಾರ್ಟ್‌ಮೆಂಟು."

ನೀವು ಮೊದಲು

ಡಿಸ್ಪ್ಯಾಚಿನಲ್ಲಿದ್ದ ಮೇಡಂಗೂ ಸ್ಟೋರ್ ಕೀಪರಿಗೂ ಮಾತಿರಲಿಲ್ಲ. ಕಾರಣ ಒಂದು ಟೇಬಲ್ ಫ್ಯಾನು. ಅಕ್ಕಪಕ್ಕದ ರೂಮು, ನಡುವೆ ಬಾಗಿಲು, ಬಾಗಿಲಲ್ಲಿ ಫ್ಯಾನು. ಅದು ಯಾರ ಕಡೆ ಎಷ್ಟು ಹೊತ್ತು ತಿರುಗಬೇಕು ಅನ್ನುವುದರಲ್ಲಿ ಮಾತು ಬೆಳೆದು ಮಾತೇ ನಿಂತುಹೋಗಿತ್ತು. ಏನಾದರೂ ಹೇಳಬೇಕಾದರೆ ಫ್ಯಾನಿನ ಕಡೆ ಮುಖ ಮಾಡಿ ಗಾಳಿಗೆ ಹೇಳುತ್ತಿದ್ದರು.

ಒಂದು ಮಧ್ಯಾಹ್ನ, ಡಬ್ಬಿ ತುಂಬಿದ ಲಾರಿ ಮದ್ರಾಸಿಗೆ ಹೊರಡಲು ನಿಂತಿತ್ತು. ಅಲ್ಲಿ ಹಡಗು ಕಾಯುತ್ತಿತ್ತು. ಹಡಗು ತಪ್ಪಿದರೆ ಮ್ಯಾನೇಜರ ಕೆಲಸಕ್ಕೇ ಕುತ್ತು. ಲಾರಿ ಬಿಡಲು ಚೀಟಿ ಬರಬೇಕು, ಕಂಪ್ಯೂಟರ್ ಚೀಟಿ ಕೊಡುತ್ತಿಲ್ಲ. ನಾನು ಓಡಿ ಹೋಗಿ ನೋಡಿದೆ. ಸ್ಟೋರ್ ಕೀಪರು ಡಬ್ಬಿಯ ಲೆಕ್ಕ ತೆರೆದು ಹಿಡಿದುಕೊಂಡು, ತಿರುಳಿನ ಲೆಕ್ಕ ಬೇಕು ಅಂತ ಕಾಯುತ್ತಿದ್ದಾರೆ. ಮೇಡಂ ತಿರುಳಿನ ಲೆಕ್ಕ ತೆರೆದು ಹಿಡಿದುಕೊಂಡು, ಡಬ್ಬಿಯ ಲೆಕ್ಕ ಬೇಕು ಅಂತ ಕಾಯುತ್ತಿದ್ದಾರೆ. ಇವರು ಬಿಡದೆ ಅವರಿಗೆ ಸಿಗಲ್ಲ, ಅವರು ಬಿಡದೆ ಇವರಿಗೆ ಸಿಗಲ್ಲ. ಕಂಪ್ಯೂಟರಿನ ಒಳಗೂ ಫ್ಯಾನಿನ ಜಗಳವೇ.

"ಯಾರಾದ್ರೂ ಒಬ್ಬರು ಈ ಗುಂಡಿ ಒತ್ತಿ ಬಿಟ್ಟುಕೊಟ್ರೆ ಸಾಕು," ಅಂದೆ.

"ಬಿಟ್ಟುಕೊಡೋದಾ?" ಅಂದರು ಸ್ಟೋರ್ ಕೀಪರು. ಆ ಪದ ನಾನು ಹೇಳಬಾರದಿತ್ತು.

"ನಾನು ಮೊದಲು ತೆಗೆದಿದ್ದು," ಅಂದರು ಮೇಡಂ ಫ್ಯಾನಿಗೆ.

"ಸೀನಿಯಾರಿಟಿ ಅಂತ ಒಂದಿದೆ," ಅಂದರು ಸ್ಟೋರ್ ಕೀಪರು, ಅವರೂ ಫ್ಯಾನಿಗೆ.

ಹೊರಗೆ ಲಾರಿ ಡ್ರೈವರು ಹಾರನ್ ಬಾರಿಸತೊಡಗಿದ. ಮ್ಯಾನೇಜರು ಓಡಿ ಬಂದರು. ಕೈ ಮುಗಿದರು, ಗದರಿದರು, ಮತ್ತೆ ಕೈ ಮುಗಿದರು. ಕೊನೆಗೆ ಒಂದು ಉಪಾಯ ಹೂಡಿದರು. "ಇಬ್ಬರೂ ಒಟ್ಟಿಗೆ ಒತ್ತಿ. ಯಾರೂ ಸೋತ ಹಾಗಲ್ಲ. ನಾನು ಮೂರು ಎಣಿಸ್ತೀನಿ. ಒಂದು, ಎರಡು, ಮೂರು!"

ಇಬ್ಬರ ಬೆರಳೂ ಗುಂಡಿಯ ಮೇಲೆ ಹಾಗೇ ನಿಂತವು. ಇನ್ನೊಬ್ಬರು ಒತ್ತುತ್ತಾರಾ ಅಂತ ಇಬ್ಬರೂ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದರು. ಮ್ಯಾನೇಜರು ಮತ್ತೆ ಎಣಿಸಿದರು. ಮತ್ತೆ ಹಾಗೇ. ಅವರ ದನಿ ಬಿದ್ದುಹೋಗುವವರೆಗೂ ಎಣಿಸಿದರು.

ಆಗ ಕರೆಂಟು ಹೋಯಿತು. ಪರದೆಗಳು ಕಪ್ಪಾದವು, ಫ್ಯಾನು ನಿಂತಿತು. ಕರೆಂಟು ಬಂದಾಗ ಕಂಪ್ಯೂಟರ್ ಹೊಸದಾಗಿ ಶುರುವಾಯಿತು, ಯಾರ ಕೈಯಲ್ಲೂ ಯಾವ ಲೆಕ್ಕವೂ ಇರಲಿಲ್ಲ. ಮ್ಯಾನೇಜರು ತಾವೇ ಕೂತು ಚೀಟಿ ತೆಗೆದು ಲಾರಿ ಬಿಟ್ಟರು. ಹಡಗು ಸಿಕ್ಕಿತು.

ಸಂಜೆ ಮನೆಗೆ ಹೊರಟ ಸ್ಟೋರ್ ಕೀಪರು ಬಾಗಿಲಲ್ಲಿ ನಿಂತು ಫ್ಯಾನಿಗೆ ಹೇಳಿದರು: "ಗ್ಯಾಪಕ ಇರ್ಲಿ. ಬಿಟ್ಟಿದ್ದು ನಾನಲ್ಲ, ಕರೆಂಟು."

ಹೊಸ ತಳಿ

ಇವೆಲ್ಲ ಸೇರಿ ಒಂದು ತೂಕವಾದರೆ, ಎಮ್ಮೆಯದೇ ಒಂದು ತೂಕ.

ವಾಚ್‌ಮನ್ ಒಂದು ಎಮ್ಮೆ ಕೊಂಡಿದ್ದ. ಫ್ಯಾಕ್ಟರಿ ಹಿಂದೆ ಕಟ್ಟಿ, ಮಾವಿನ ಸಿಪ್ಪೆ ಹಾಕಿ ಸಾಕುತ್ತಿದ್ದ. ಯಲ್ದೂರಿನಿಂದ ಅವನ ಭಾವಮೈದ ಬಂದವನು ಅದನ್ನು ಸುತ್ತು ಹಾಕಿ ನೋಡಿ, "ಬರೀ ಮೂಳೆ ಕಣ್ ಭಾವ, ನಿನಗೆ ಟೋಪಿ ಹಾಕವ್ರೆ," ಅಂದುಬಿಟ್ಟ. ಮಾತಿಗೆ ಮಾತು ಬೆಳೆಯಿತು. ಗೇಟಿನ ಗುಮಾಸ್ತನಿಗೆ ಇಂಥದ್ದು ಅಂದರೆ ಹಬ್ಬ. "ಜಗಳ ಯಾಕ್ರಲೇ? ಲಾರಿ ತೂಗೋ ಕಟ್ಟೆ ಐತೆ, ಹತ್ತಿಸಿ," ಅಂದ.

ಎಮ್ಮೆ ಕಟ್ಟೆ ಹತ್ತಿ ನಿಂತಿತು. ಆದರೆ ಯಾವ ತಳಿಯ ಹಣ್ಣು ಅಂತ ಹೆಸರು ಬರೆಯದೆ ಪರದೆ ತೂಕ ತೋರಿಸುತ್ತಿರಲಿಲ್ಲ. ಗುಮಾಸ್ತ ಇಂಗ್ಲಿಷ್ ಅಕ್ಷರದಲ್ಲಿ ಎಮ್ಮೆ ಅಂತಲೇ ಹೊಡೆದ. ತೂಕ ಬಂತು. ಭಾವಮೈದನ ಬಾಯಿ ಮುಚ್ಚಿತು. ವಾಚ್‌ಮನ್ ಎಲ್ಲರಿಗೂ ಟೀ ಕೊಡಿಸಿದ. ಆಮೇಲೆ ಗುಮಾಸ್ತ ಆ ಸಾಲು ಅಳಿಸಲು ಹೋದರೆ, ಲಾಕ್. ಅದೇ ಗಳಿಗೆಯಲ್ಲಿ ಮ್ಯಾನೇಜರು ತಮ್ಮ ಪರದೆಯಿಂದ ದಿನದ ವರದಿ ಪ್ರಿಂಟ್ ತೆಗೆಯುತ್ತಿದ್ದರು. ಗುಮಾಸ್ತ ನಾಳೆ ಅಳಿಸಿದರಾಯಿತು ಅಂತ ಮಾಲೂರು ಬಸ್ಸು ಹತ್ತಿದ. ವರದಿ ಬೆಂಗಳೂರು ಬಸ್ಸು ಹತ್ತಿತು.

ಮಾರನೇ ದಿನ ಹೆಡ್ಡಾಫೀಸಿನಿಂದ ಫೋನು. ನಾನು ಮ್ಯಾನೇಜರ ಎದುರೇ ಇದ್ದೆ. ಅವರು ಕೋಲಾರ ಪೇಟೆಯಲ್ಲಿ ಬೆಳೆದವರು, ಮಾವನ್ನು ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಿದವರಲ್ಲ. ಆ ಕಡೆಯ ಆಫೀಸರ ದನಿ ನನಗೂ ಕೇಳುತ್ತಿತ್ತು.

"ಏನ್ರೀ, ಎಮ್ಮೆ ಅಂತ ಹೊಸ ತಳಿ ಬಂದಿದೆಯಲ್ಲ! ಹೇಳಲೇ ಇಲ್ಲ?"

ಮ್ಯಾನೇಜರು ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೇಳಿದರು, "ಎಮ್ಮೆ ಅಂತ ಮಾವು ಇದೆಯೇನ್ರೀ?"

"ನನಗೆ ಗೊತ್ತಿಲ್ಲ ಸಾರ್. ಗಿಣಿಮೂತಿ ಅಂತ ಇದೆ."

"ಗಿಣಿ ಇದ್ದಮೇಲೆ ಎಮ್ಮೆ ಯಾಕಿರಬಾರದು?" ಅಂದವರೇ ಕೈ ತೆಗೆದರು. "ಹೌದು ಸಾರ್, ಈ ಕಡೆದೇ ತಳಿ. ಅಪರೂಪದ್ದು."

"ಗಾತ್ರ?"

"ದೊಡ್ಡದು ಸಾರ್."

"ಬಣ್ಣ?"

"ಒಂಚೂರು ಕಪ್ಪು."

"ತಿರುಳು ಹೇಗೆ?"

"ಗಟ್ಟಿ ಸಾರ್. ಬಹಳ ಗಟ್ಟಿ. ನಾರಿಲ್ಲ."

ಹೀಗೆ ಅವರು ಆ ಹಣ್ಣನ್ನು ಹತ್ತು ನಿಮಿಷ ಹೊಗಳಿದರು. ಫೋನ್ ಇಟ್ಟ ಮೇಲೆ ಗೇಟಿಗೆ ಹೋಗಿ, "ಎಲ್ಲಯ್ಯಾ ಆ ಎಮ್ಮೆ ಹಣ್ಣು, ಒಂದು ತಿಂದು ನೋಡೋಣ," ಅಂದರು. ಗುಮಾಸ್ತ ಬಿಳಿಚಿಕೊಂಡು ನಿಜ ಹೇಳಿದ. ಮ್ಯಾನೇಜರು ಲಾರಿ ತೂಗುವ ಕಟ್ಟೆಯ ಮೇಲೆಯೇ ಕುಸಿದು ಕೂತರು. ಒಳಗೆ ಪರದೆ, ಇದು ಯಾವ ತಳಿ ಅಂತ ಕೇಳಿತು.

"ಫೋನ್ ಮಾಡಿ ಹೇಳಿಬಿಡೋಣ ಸಾರ್," ಅಂದೆ.

"ಏನಂತ ಹೇಳ್ಲಿ? ಅದಕ್ಕೆ ನಾರಿಲ್ಲ ಅಂದಿದೀನಿ ಕಣ್ರೀ!"

ಆದರೂ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಸಿಗಲಿಲ್ಲ. ಮಾರನೇ ಬೆಳಗ್ಗೆ ಗೇಟಿನ ಮುಂದೆ ಹೆಡ್ಡಾಫೀಸಿನ ಕಾರೇ ಬಂದು ನಿಂತಿತು. ಆಫೀಸರು ಕಿಟಕಿ ಇಳಿಸಿ ವಾಚ್‌ಮನ್ನನ್ನು ಕೇಳಿದರು, "ಎಮ್ಮೆ ನೋಡೋಕೆ ಬಂದಿದೀನಿ. ಎಲ್ಲಿದೆ?"

ಪಾಪ, ವಾಚ್‌ಮನ್‌ಗೆ ಈ ಫೋನಿನ ಕಥೆ ಯಾವುದೂ ಗೊತ್ತಿರಲಿಲ್ಲ. ತನ್ನ ಎಮ್ಮೆಯ ತೂಕದ ಸುದ್ದಿ ಬೆಂಗಳೂರು ಮುಟ್ಟಿದೆ ಅಂತ ಅವನಿಗೆ ಎದೆ ಉಬ್ಬಿತು. "ಕೂತಿರಿ ಸಾರ್, ಕರ್ಕಂಬತ್ತೀನಿ," ಅಂತ ಓಡಿದ.

ಒಳಗೆ ಮ್ಯಾನೇಜರು ಕಾಫಿ ಕೊಟ್ಟು, "ಸಾರ್, ಒಂದು ಸಣ್ಣ ವಿಷಯ..." ಅಂತ ಶುರು ಮಾಡುವಷ್ಟರಲ್ಲಿ ಬಾಗಿಲು ಕತ್ತಲಾಯಿತು. ಎಮ್ಮೆ ಬಂದು ನಿಂತಿತ್ತು. ವಾಚ್‌ಮನ್ ಅದರ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಹಣೆಗೆ ಕುಂಕುಮ ಇಟ್ಟಿದ್ದ. ಬಾಯಲ್ಲಿ ತೋತಾಪುರಿ ಸಿಪ್ಪೆ.

"ಇದೇ ಸಾರ್ ಎಮ್ಮೆ," ಅಂದ ವಾಚ್‌ಮನ್.

ಆಫೀಸರು ಎಮ್ಮೆಯನ್ನು ನೋಡಿದರು. ಮ್ಯಾನೇಜರನ್ನು ನೋಡಿದರು. ಮತ್ತೆ ಎಮ್ಮೆಯನ್ನು ನೋಡಿದರು. ನಮ್ಮೆಲ್ಲರ ಕೆಲಸವೂ ಹೋಯಿತು ಅಂದುಕೊಂಡೆ. ಹೊಸದಾಗಿ ಮದುವೆಯಾದವನು, ಮಾವನವರ ಮುಖ ಕಣ್ಣ ಮುಂದೆ ಬಂತು.

"ದೊಡ್ಡದಾಗಿದೆ. ಕಪ್ಪಗೂ ಇದೆ," ಅಂದರು ಆಫೀಸರು ಬಹಳ ನಿಧಾನವಾಗಿ. ಆಮೇಲೆ ಹಲ್ಲು ಕಚ್ಚಿ, "ಸರಿ ಮ್ಯಾನೇಜರೇ, ಇದರ ತಿರುಳು ಯಾವಾಗ ತೆಗೆದು ಡಬ್ಬಿಗೆ ಹಾಕಿಸ್ತೀರಿ?"

ವಾಚ್‌ಮನ್ ಕಿರುಚಿಕೊಂಡ. "ಅಯ್ಯಯ್ಯೋ ಸಾರ್! ಗಬ್ಬದ ಎಮ್ಮೆ ಸಾರ್!" ಅಂದವನೇ ಹಗ್ಗ ಎಳೆದುಕೊಂಡು ಓಡಿದ. ಅವನೂ ಎಮ್ಮೆಯೂ ಗೇಟು ದಾಟಿ ಯಲ್ದೂರು ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವುದು ಕಿಟಕಿಯಿಂದ ಕಾಣಿಸುತ್ತಿತ್ತು. ಎಮ್ಮೆ ಮುಂದಿತ್ತು.

ಮೊದಲು ನಕ್ಕಿದ್ದು ಆಫೀಸರೇ. ಕಾಫಿ ಅಂಗಿಯ ಮೇಲೆ ಚೆಲ್ಲಿತು, ಕಣ್ಣಲ್ಲಿ ನೀರು ಬಂತು. ನಾವೂ ಧೈರ್ಯ ಮಾಡಿ ನಕ್ಕೆವು. ನಗು ಮುಗಿದ ಮೇಲೆ ಅವರು ಕನ್ನಡಕ ಒರೆಸಿಕೊಂಡರು. ಮುಖ ಸಣ್ಣಗಾಗಿತ್ತು.

"ನಿಮ್ಮನ್ನ ಏನು ಅನ್ನೋದು? ನಾನು ಆಗಲೇ ನಮ್ಮ ಡೈರೆಕ್ಟರಿಗೆ ಹೇಳಿದೀನಿ. ಅವರು ಹೊರದೇಶದ ಗಿರಾಕಿಗೆ ಹೇಳಿದಾರೆ. ಆ ಗಿರಾಕಿ ಎಮ್ಮೆ ತಿರುಳು ಒಂದು ಹಡಗು ಬೇಕು ಅಂತಾನಂತೆ."

"ಈಗೇನು ಮಾಡೋದು ಸಾರ್?"

ಆಫೀಸರು ಎದ್ದು ಕಾರಿನ ಕಡೆ ನಡೆದರು. "ಇನ್ನೇನು? ಈ ಸಲ ಎಮ್ಮೆ ಕಾಯಿ ಕಚ್ಚಲಿಲ್ಲ ಅಂತ ಹೇಳಿಬಿಡ್ತೀನಿ."

ಮ್ಯಾನೇಜರು ಕಾರಿನ ಬಾಗಿಲು ಹಿಡಿದುಕೊಂಡು ಮೆಲ್ಲಗೆ ಕೇಳಿದರು, "ಮುಂದಿನ ವರ್ಷ ಕೇಳಿದ್ರೆ ಸಾರ್?"

"ಮುಂದಿನ ವರ್ಷ ನೀವೇ ಹೇಳ್ಕೊಳ್ಳಿ," ಅಂದರು ಆಫೀಸರು, ಕಿಟಕಿ ಏರಿಸುತ್ತಾ. "ನಾನು ಇವತ್ತೇ ವರ್ಗಕ್ಕೆ ಅರ್ಜಿ ಹಾಕ್ತೀನಿ."